ಹನ್ನೆರಡು ನಕ್ಷೆಬಟ್ಟೆ

ಹೋದ ತಿಂಗಳು ಬೆಂಗಳೂರಿನಿಂದ ಒಬ್ಬಳು ಹುಡುಗಿ ಬಂಗಾರಪೇಟೆಯ ನಮ್ಮ ಮನೆಗೆ ಬಂದು, ನನ್ನ ಮಂಚದ ಮೇಲೆ ಒಂದು ಉದ್ದದ ಕೊಳವೆ ಬಿಚ್ಚಿದಳು. ಒಳಗಿನಿಂದ ಸುರುಳಿ ಸುತ್ತಿದ ಬಟ್ಟೆ ತೆಗೆದು ಹರಡಿದಳು. ಬಟ್ಟೆ ಕಾಣುವ ಮೊದಲೇ ವಾಸನೆ ಬಂತು. ಹಳೆಯ ಗಂಜಿ, ಅದರ ಜೊತೆಗೆ ಕಪ್ಪು ಇಂಕು.

"ಇದ್ನಿನ್ನೂ ಬೇಯ್ಸಿಲ್ಲ," ಅಂದೆ.

"ಏನಂದ್ರಿ ಅಜ್ಜಿ?"

"ಏನಿಲ್ಲ. ಕುಂತ್ಕೊ."

ಹುಡುಗಿಯ ಹೆಸರು ಮೇಘನಾ. ನಮ್ಮ ಸೀಮೆಯಲ್ಲಿ ಹೊಸ ರೀತಿಯ ಚಿತ್ರವನ್ನು ಮೊದಮೊದಲು ಬರೆದವರು ಯಾರು ಯಾರು ಅಂತ ಹುಡುಕಿ, ಅವರ ಚಿತ್ರಗಳನ್ನು ಒಂದು ದೊಡ್ಡ ಹಾಲಿನಲ್ಲಿ ತೂಗುಹಾಕಿ ಜನಕ್ಕೆ ತೋರಿಸುವುದು ಅವಳ ಕೆಲಸ. ಮಂಚದ ಮೇಲೆ ಹರಡಿದ್ದು ನಾಲ್ಕು ಬಟ್ಟೆ. ನಾಲ್ಕೂ ನಮ್ಮ ಯಜಮಾನರು ಬರೆದದ್ದು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಚಿತ್ರಗಳು ಸಿಕ್ಕಿದ್ದು ಮಾತ್ರ ಶಾಮರಾಯನ ಮಗಳ ಮನೆಯಲ್ಲಿ. ಶಾಮರಾಯ ಬೆಂಗಳೂರಿನ ಇಂಗ್ಲಿಷ್ ಪೇಪರಿಗೆ ಚಿತ್ರಗಳ ವಿಷಯ ಬರೆಯುತ್ತಿದ್ದವನು. ಯಾವ ಚಿತ್ರ ಒಳ್ಳೆಯದು, ಯಾಕೆ ಒಳ್ಳೆಯದು ಅಂತ ಹೇಳುವುದೇ ಅವನ ಉದ್ಯೋಗ. ಅವನೂ ಹೋಗಿ ಬಹಳ ಕಾಲವಾಯಿತು. ಬದುಕಿದ್ದಾಗ ಎದುರಿಗೆ ಸ್ವಾಮಿ ಅನ್ನುತ್ತಿದ್ದೆ. ಈಗ ಅವನು ಅಂತಲೇ ಬರೆಯುತ್ತೇನೆ.

"ಶಾಮರಾಯರು ಬರೀದೇ ಇದ್ದಿದ್ರೆ ಚಲಪತಿಯವರ ಹೆಸರು ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ ಅಜ್ಜಿ," ಅಂದಳು ಹುಡುಗಿ. "ಅವರನ್ನ ಕಂಡುಹಿಡಿದಿದ್ದೇ ಶಾಮರಾಯರು."

ನನಗೆ ಮೈಯೆಲ್ಲ ಉರಿಯಿತು. ಅವರ ಜೊತೆ ನಾನು ನಲವತ್ತು ವರ್ಷದ ಮೇಲೆ ಸಂಸಾರ ಮಾಡಿದವಳು. ಅವರೇನು ಕಳೆದುಹೋಗಿದ್ದರಾ, ಇನ್ನೊಬ್ಬ ಬಂದು ಕಂಡುಹಿಡಿಯುವುದಕ್ಕೆ?

ಹುಡುಗಿಗೆ ನಾವಿದ್ದ ಮನೆ ನೋಡಬೇಕಾಗಿತ್ತು. ಮಾರಿಕುಪ್ಪಂ ಗಾಡಿ ಹತ್ತಿ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದೆವು. ಚಿನ್ನ ತೆಗೆದು ಬಿಟ್ಟ ಬೂದಿಮಣ್ಣಿನ ಸಯನೈಡ್ ಗುಡ್ಡಗಳು ಅಲ್ಲೇ ಇವೆ. ಗಣಿ ಕೆಲಸದವರ ಲೈನ್ ಮನೆಗಳಲ್ಲಿ ಅರ್ಧ ಬಿದ್ದಿವೆ. ನಮ್ಮದಕ್ಕೆ ಗೋಡೆ ಇದೆ, ಮೇಲಿನ ತಗಡು ಇಲ್ಲ. ಒಲೆಯಿದ್ದ ಜಾಗದಲ್ಲಿ ಜಾಲಿ ಬೆಳೆದಿದೆ. ಗೋಡೆಯಲ್ಲಿ ಮೂರು ಮೊಳೆ ಉಳಿದಿದ್ದವು. ಹುಡುಗಿ ಅವುಗಳ ಫೋಟೋ ತೆಗೆದುಕೊಂಡಳು.

"ಚಿತ್ರ ತೂಗುಹಾಕ್ತಿದ್ದದ್ದು ಇಲ್ಲೇನಾ ಅಜ್ಜಿ?"

"ಊಂ. ಆ ಕಡೆ ಮೊಳೇಲಿ ನನ್ನ ಜರಡಿ ಇತ್ತು. ಚಿತ್ರ ಬಂದ್ಮೇಲೆ ಜರಡೀನ ಒರಗಾಕಿದ್ರು."

ಹುಡುಗಿ ನಕ್ಕಳು. ನಾನು ನಗಿಸುವುದಕ್ಕೆ ಹೇಳಿದ್ದಲ್ಲ.

ನಾನು ಇಲ್ಲಿ ಬರೆಯುವುದು ಒಂದೇ ವರ್ಷದ ವಿಷಯ. ವರ್ಷವೂ ಅಲ್ಲ, ಆಷಾಢದಿಂದ ದೀಪಾವಳಿಯವರೆಗೆ. ಆ ಆಷಾಢದಲ್ಲಿ ಗಾಳಿ ಜೋರು. ಗುಡ್ಡದ ಬೂದಿಮಣ್ಣು ಎದ್ದು ಬಂದು ಅಕ್ಕಿಯಲ್ಲಿ, ನೀರಿನ ಕೊಡದಲ್ಲಿ, ಕಣ್ಣಿನ ಮೂಲೆಯಲ್ಲಿ ಕೂರುತ್ತಿತ್ತು. ಮದುವೆಯಾಗಿ ಆರು ವರ್ಷ. ಮಗಳಿಗೆ ನಾಲ್ಕು ತುಂಬಿತ್ತು, ಹೊಟ್ಟೆಯಲ್ಲಿ ಇನ್ನೊಂದು. ನಮ್ಮವರು ಗಣಿಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್. ಭೂಮಿಯೊಳಗೆ ಎಲ್ಲೆಲ್ಲಿ ಸುರಂಗ ಹೋಗಿದೆ ಅಂತ ಸರ್ವೇಯವರು ಅಳೆದು ತಂದದ್ದನ್ನು ಇವರು ಬಟ್ಟೆಯ ಮೇಲೆ ನಕಲು ಮಾಡಬೇಕು. ಒಮ್ಮೊಮ್ಮೆ ಅಳತೆ ಹಿಡಿಯಲು ತಾವೂ ಒಳಗೆ ಇಳಿಯಬೇಕು.

ಆ ಬಟ್ಟೆಯ ವಿಷಯ ಹೇಳಿಬಿಡುತ್ತೇನೆ. ಅದು ಒಳ್ಳೆಯ ನೂಲಿನ ತೆಳು ಬಟ್ಟೆ. ಮೇಲೆ ದಪ್ಪ ಗಂಜಿ ಹಾಕಿ ಗಾಜಿನಂತೆ ನುಣ್ಣಗೆ ಮಾಡಿರುತ್ತಿದ್ದರು. ನಾವು ನಕ್ಷೆಬಟ್ಟೆ ಅನ್ನುತ್ತಿದ್ದೆವು. ತಪ್ಪಾದ ನಕ್ಷೆ, ಹಳೆಯ ನಕ್ಷೆ, ಕತ್ತರಿಸಿ ಉಳಿದ ತುಂಡು, ಎಲ್ಲ ಆಫೀಸಿನಲ್ಲಿ ಕಸಕ್ಕೆ ಹೋಗುತ್ತಿತ್ತು. ಗಂಡಸರು ಅದನ್ನು ಮನೆಗೆ ತರುವರು. ಹೆಂಗಸರು ನೆನೆಹಾಕಿ, ಬಟ್ಟೆ ಸೋಡ ಹಾಕಿ ಬೇಯಿಸಿದರೆ ಗಂಜಿಯೂ ಇಂಕೂ ಬಿಟ್ಟುಕೊಂಡು ಮಲ್ಲಿನಂಥ ಬಟ್ಟೆ ಸಿಗುತ್ತಿತ್ತು. ಕೂಸಿಗೆ ಜಬ್ಲ, ದಿಂಬಿಗೆ ಗವಸು, ಗಂಡಸರಿಗೆ ಕರವಸ್ತ್ರ. ಲೈನಿನಲ್ಲಿ ಆ ಕಾಲಕ್ಕೆ ಹುಟ್ಟಿದ ಕೂಸುಗಳು ಅರ್ಧಕ್ಕರ್ಧ ಗಣಿಯ ನಕ್ಷೆ ತೊಟ್ಟೇ ಬೆಳೆದವು.

ನಮ್ಮವರು ಮಾತ್ರ ತಂದದ್ದರಲ್ಲಿ ಒಳ್ಳೆಯ ತುಂಡುಗಳನ್ನು ನನಗೆ ಕೊಡದೆ ಟ್ರಂಕಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಅವುಗಳ ಮೇಲೆ ಚಿತ್ರ ಬರೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನು ಕೇಳಿದ್ದಕ್ಕೆ ಒಂದು ಲಕ್ಷ್ಮಿ ಬರೆದುಕೊಟ್ಟರು. ಎಂಥ ಲಕ್ಷ್ಮಿ ಅಂದರೆ, ಬಂದವರು ಕೈಮುಗಿಯುತ್ತಿದ್ದರು. ಆಮೇಲೆ ಅವರ ಕೈಗೆ ಏನಾಯಿತೋ, ಮನುಷ್ಯನನ್ನು ಬರೆದರೆ ನೆತ್ತಿಯ ಸುಳಿಯೂ ಕಾಣಬೇಕು, ಮೂಗೂ ಕಾಣಬೇಕು, ಮೈ ಕುಯ್ದ ಹಾಗೆ ಪಕ್ಕೆಲುಬೂ ಕಾಣಬೇಕು. ಹಿಂದೆ ಸುರಂಗದ ಗೆರೆಗಳು ಮೈಯೊಳಗೆ ಹಾದುಹೋಗಬೇಕು. ಪಕ್ಕದ ಮನೆಯ ಸೆಲ್ವಿ ನೋಡಿ, "ಏನಮ್ಮಾ ಇದು, ಆಳಾ, ಮುರಿದೋದ ಬೀರುವಾ?" ಅಂದಳು. ನಾನೂ ನಕ್ಕೆ. ಅವರು ಯಾವುದಕ್ಕೂ ಏನೂ ಅನ್ನುತ್ತಿರಲಿಲ್ಲ. ವಾರಕ್ಕೆ ನಾಲ್ಕು ಮಾತು. ಉಪ್ಪು ಸಾಲದು, ಮಗು ಮಲಗಿತಾ, ನಾಳೆ ಒಳಗೆ ಇಳಿಯೋದಿದೆ, ಬಾಗಿಲು ಹಾಕು.

ಆ ಆಷಾಢದಲ್ಲಿ ಗಣಿಯ ಕ್ಲಬ್ಬಿನವರು ಚಿತ್ರದ ಪಂದ್ಯ ಇಟ್ಟರು. ಯಾರೋ ಒತ್ತಾಯ ಮಾಡಿ ಇವರದೂ ಒಂದು ಕೊಡಿಸಿದರು. ಅದನ್ನು ಬಾಗಿಲ ಹಿಂದೆ, ಕೊಡೆ ಇಡುವ ಮೂಲೆಯಲ್ಲಿ ಹಾಕಿದ್ದರಂತೆ. ತೀರ್ಪು ಕೊಡುವವರಲ್ಲಿ ಒಬ್ಬ ಈ ಶಾಮರಾಯ. ಜಲಪಾತ ಮತ್ತು ಜಿಂಕೆ ಬರೆದವನಿಗೆ ಬಹುಮಾನ ಅಂತ ಮಿಕ್ಕವರು ತೀರ್ಮಾನ ಮಾಡಿಬಿಟ್ಟಿದ್ದರು. ಶಾಮರಾಯ ಕೊಡೆಗಳ ಮೂಲೆಯಲ್ಲಿ ಅರ್ಧ ಗಂಟೆ ನಿಂತು, ಬಂದು, ಆ ತೀರ್ಪಿಗೆ ನಾನು ರುಜು ಹಾಕುವುದಿಲ್ಲ ಅಂದನಂತೆ. ಜಗಳವಾಯಿತು. ಬಹುಮಾನ ಜಿಂಕೆಗೇ ಹೋಯಿತು. ಮುಂದಿನ ವಾರ ಅವನು ಪೇಪರಿನಲ್ಲಿ ಬರೆದ, ಚಾಂಪಿಯನ್ ರೀಫ್ಸ್ ಗಣಿಯ ಒಬ್ಬ ಟ್ರೇಸರ್ ಬರೆದಿರುವುದನ್ನು ನಮ್ಮ ನಾಡಿನಲ್ಲಿ ಇನ್ನೂ ಯಾರೂ ಬರೆದಿಲ್ಲ ಅಂತ. ಅದರ ಮುಂದಿನ ಭಾನುವಾರ ನಮ್ಮ ಬಾಗಿಲಲ್ಲಿ ನಿಂತಿದ್ದ. ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ ಬಂದಿದ್ದ. ಕನ್ನಡಕದ ತುಂಬ ಧೂಳು, ಕಂಕುಳಲ್ಲಿ ಕೊಡೆ.

ಅವತ್ತು ಇದ್ದಬದ್ದ ಚಿತ್ರವನ್ನೆಲ್ಲ ನೋಡಿದ. ನಾಲ್ಕನ್ನು ಬೆಂಗಳೂರಿನವರಿಗೆ ತೋರಿಸುತ್ತೇನೆ ಅಂತ ಎತ್ತಿಟ್ಟುಕೊಂಡ. ಆಮೇಲೆ ನನ್ನನ್ನು ಕರೆದ.

"ತಂಗೀ, ಇದರಲ್ಲಿ ನಿಮಗೇನು ಕಾಣುತ್ತೆ?"

"ನೆತ್ತಿ ಮೇಲೆ ಕಣ್ಣಿರೋ ಮನುಷ್ಯ."

"ಸರಿಯಾಗಿ ನೋಡಿದ್ದೀರಿ. ಗಣಿಯ ನಕ್ಷೆ ಎರಡು ಥರ ಇರುತ್ತೆ. ಮೇಲಿಂದ ಬಗ್ಗಿ ನೋಡಿದ ಹಾಗೆ ಒಂದು, ಪಕ್ಕದಿಂದ ಕುಯ್ದು ನೋಡಿದ ಹಾಗೆ ಇನ್ನೊಂದು. ನಿಮ್ಮ ಚಲಪತಿ ಮನುಷ್ಯನನ್ನ ಎರಡೂ ಥರ ಒಂದೇ ಸಲಕ್ಕೆ ಬರೆದಿದ್ದಾನೆ. ಪರದೇಶದವರು ಇಂಥದ್ದು ಬರೆದಿದ್ದಾರೆ, ನಿಜ. ಆದರೆ ಇವನು ಅವರನ್ನ ನೋಡಿ ಕಲೀಲಿಲ್ಲ. ಈ ಬಟ್ಟೆ ಮೇಲೆ, ಈ ಕೆಲಸ ಮಾಡ್ತಾ ಕಲಿತ. ಅದೇ ದೊಡ್ಡದು."

ನಮ್ಮವರು ತಲೆ ಬಗ್ಗಿಸಿಕೊಂಡು ನಗುತ್ತಿದ್ದರು. ಆ ನಗುವನ್ನು ನಾನು ಅದುವರೆಗೆ ನೋಡಿರಲಿಲ್ಲ. ಮಗಳು ಹುಟ್ಟಿದಾಗಲೂ ಹಾಗೆ ನಕ್ಕಿರಲಿಲ್ಲ. ನಾನು ಗಂಡನ ಹೆಸರು ಬಾಯಲ್ಲಿ ತರುವ ಹಾಗಿಲ್ಲ. ಇವನು ಬಂದ ಅರ್ಧ ದಿನದಲ್ಲಿ ಚಲಪತಿ, ಚಲಪತಿ ಅಂತ ಇಪ್ಪತ್ತು ಸಲ ಅಂದ.

ಅಲ್ಲಿಂದ ಪ್ರತಿ ಭಾನುವಾರ ಬಂದ. ಮುಂಚೆ ಭಾನುವಾರ ಅಂದರೆ ನಾವು ಮೂವರೂ ಪೇಟೆಗೆ ಹೋಗಿ ಮಾಂಸ ತಂದು ಮಧ್ಯಾಹ್ನ ಮಲಗುವ ದಿನ. ಈಗ ಮಾಂಸವೂ ಇಲ್ಲ, ಅವನು ತಿನ್ನುವುದಿಲ್ಲವಲ್ಲ. ಭಾನುವಾರಕ್ಕೆ ಅಂತ ಇವರು ಶನಿವಾರವೇ ಕ್ಷೌರ ಮಾಡಿಸಿಕೊಳ್ಳುವರು. ರಾತ್ರಿ ಪಾಳಿಯಲ್ಲಿ ಅಳತೆಗೆ ಇಳಿದು ಬಂದರೂ ಮಲಗದೆ ಚಿತ್ರಗಳನ್ನು ಮೊಳೆಗೆ ಸಿಕ್ಕಿಸುವರು. ಅವನು ಒಂದೊಂದು ಚಿತ್ರದ ಎದುರೂ ಗೋಡೆಗೆ ಮೂಗು ತಾಗುವ ಹಾಗೆ ನಿಲ್ಲುವನು, ಆಮೇಲೆ ಹೊಸ್ತಿಲವರೆಗೆ ಹಿಂದೆ ಸರಿಯುವನು. ಇಲ್ಲಿ ಗೆರೆ ಯಾಕೆ ನಿಂತಿತು, ಇಲ್ಲಿ ಯಾಕೆ ಖಾಲಿ ಬಿಟ್ಟೆ ಅಂತ ಕೇಳುವನು. ನಮ್ಮವರು ಮಾತಾಡುವರು. ವಾರಕ್ಕೆ ನಾಲ್ಕು ಮಾತಿನ ಮನುಷ್ಯ, ಸಾಯಂಕಾಲದ ಗಾಡಿ ಹೊರಡುವವರೆಗೆ ಮಾತಾಡುವರು. ನಾನು ಟೀ ತಂದಿಟ್ಟರೆ ಇಬ್ಬರೂ ಲೋಟದ ಕಡೆ ನೋಡುತ್ತಿರಲಿಲ್ಲ.

ಸೆಲ್ವಿ ಗೋಡೆಯಾಚೆಯಿಂದ ಎಲ್ಲ ನೋಡುತ್ತಿದ್ದಳು. ಒಂದು ಭಾನುವಾರ ನಲ್ಲಿಯ ಹತ್ತಿರ ಕೇಳಿದಳು, "ಏನಮ್ಮಾ, ನಿನ್ ಸವತಿ ಬಂದ್ಲಾ?"

"ಯಾವ ಸವತಿಯೇ?"

"ಅದೇ, ಕನ್ನಡಕ ಆಕ್ಕೊಂಡು, ಮೀಸೆ ಬಿಟ್ಕೊಂಡು ಬತ್ತಾಳಲ್ಲ. ಐಯೋ, ನಿನ್ ಯಜಮಾನ್ರು ಅವಳ್ಗೆ ಒಳ್ಳೇ ಚಾಪೆ ಆಸ್ತಾರೆ. ನಿಂಗೆ ಯಾವಾಗಾನ ಆಸವ್ರಾ?"

ನಲ್ಲಿಯಲ್ಲಿದ್ದ ಹೆಂಗಸರೆಲ್ಲ ನಕ್ಕರು. ಆಮೇಲೆ ಲೈನಿನಲ್ಲಿ ಅವನಿಗೆ ಅದೇ ಹೆಸರಾಯಿತು. ಅವನು ಸ್ಟೇಷನ್ನಿನ ಕಡೆಯಿಂದ ನಡೆದು ಬರುವಾಗ ಯಾರಾದರೂ, "ಸವತಿ ಬಂದ್ಲು ಕಣಮ್ಮೋ," ಅಂತ ಕೂಗುವರು. ನಾನೂ ನಗುತ್ತಿದ್ದೆ. ಬೇರೆ ಹೆಂಗಸಾಗಿದ್ದರೆ ಜುಟ್ಟು ಹಿಡಿಯಬಹುದಾಗಿತ್ತು. ಇವನನ್ನು ಎಲ್ಲಿ ಹಿಡಿಯಲಿ?

ಭಾದ್ರಪದ ಕಳೆದು ಮಳೆ ಹಿಡಿಯಿತು. ಆ ಹೊತ್ತಿಗೆ ಗೋಡೆಗೂ ಟ್ರಂಕಿಗೂ, ಹಳೆಯದೂ ಹೊಸದೂ ಸೇರಿ ಚಿತ್ರ ಹನ್ನೆರಡಾಗಿದ್ದವು. ಶಾಮರಾಯ ಹೇಳಿದ, ದೀಪಾವಳಿ ಮುಗಿಯಲಿ, ಹನ್ನೆರಡನ್ನೂ ಬೆಂಗಳೂರಿನಲ್ಲಿ ತೂಗುಹಾಕೋಣ, ಹಾಲ್ ಗೊತ್ತುಮಾಡಿದ್ದೇನೆ, ಪೇಪರಿನಲ್ಲೂ ಬರೆದುಬಿಟ್ಟಿದ್ದೇನೆ ಅಂತ. ಅಲ್ಲಿಯ ದೊಡ್ಡ ಚಿತ್ರಗಾರರು ನಂಬುತ್ತಿಲ್ಲವಂತೆ. ಗಣಿಯ ಗುಮಾಸ್ತ ಇಂಥದ್ದು ಬರೆಯುವುದುಂಟೇ, ಶಾಮರಾಯನಿಗೆ ಹುಚ್ಚು ಅನ್ನುತ್ತಿದ್ದಾರಂತೆ. "ಅವರ ಕಣ್ಣೆದುರಿಗೆ ಹನ್ನೆರಡು ಹಾಕ್ತೀನಿ. ಆಮೇಲೆ ಮಾತಾಡಲಿ," ಅಂದ. ತನ್ನ ಮಾನವನ್ನೇ ಪಣಕ್ಕಿಟ್ಟವನ ಹಾಗೆ ಹೇಳಿದ. ನಮ್ಮವರು ಹೂಂ ಅಂದರು.

ಅದೇ ದಿನ ಇನ್ನೊಂದಾಯಿತು. ಮಳೆ ತಗಡಿನ ಮೇಲೆ ಬಡಿಯುತ್ತಿತ್ತು. ನಾನು ಒಲೆಯ ಹತ್ತಿರ ಇದ್ದೆ, ನಡುವೆ ಅರ್ಧ ಗೋಡೆ. ಅವನು ಕೇಳಿದ್ದು ಕೇಳಿಸಿತು.

"ಹನ್ನೊಂದನೇದರಲ್ಲಿ ಮಾತ್ರ ಕೆಂಪು ಇಂಕು. ಅದೂ ಬರೀ ಕೈಗೆ. ಯಾಕೆ ಚಲಪತಿ?"

ನಾನು ಗೋಡೆಗೆ ಹತ್ತಿರ ಸರಿದೆ.

"ಓದ್ವರ್ಷ ಏರ್‌ಬ್ಲಾಸ್ಟ್ ಆಯ್ತಲ್ಲ ಸ್ವಾಮಿ, ಒಳಗೆ ಬಂಡೆ ಸಿಡಿದು. ಮಾರ್ನೇ ದಿನ ಅಳತೆಗೆ ಅಂತ ನನ್ನೂ ಇಳಿಸಿದ್ರು. ಬಂಡೆ ಸಂದೀಲಿ ಒಬ್ನ ಕೈ ಈಚೆ ಬಂದಿತ್ತು. ಕೈ ಮಾತ್ರ. ಇಡ್ಕೊಂಡೆ. ಅವ್ನೂ ಇಡ್ಕೊಂಡ. ಜನ ಬರಗಂಟ ಬಿಡ್ಲಿಲ್ಲ. ಬಿಟ್ರೆ ಓಗ್ಬಿಡ್ತಾನೆ ಅಂತ. ಆಮೇಲೆ ಅವ್ನು ಇಡ್ಕೊಂಡಿದ್ದು ಬಿಟ್ಟ. ನಾನು ಬಿಡ್ಲಿಲ್ಲ."

ಶಾಮರಾಯ ಎದ್ದು ಮತ್ತೆ ಆ ಚಿತ್ರದ ಎದುರು ನಿಂತ.

ಆ ದಿನ ನನಗೆ ಚೆನ್ನಾಗಿ ನೆನಪಿತ್ತು. ಹಿಂದಿನ ದಿನ ಏರ್‌ಬ್ಲಾಸ್ಟಿಗೆ ಶೆಲ್ಫಿನ ಪಾತ್ರೆಗಳೆಲ್ಲ ಅದುರಿ ಒಂದು ಚೊಂಬು ಬಿದ್ದಿತ್ತು. ಮಾರನೆಯ ದಿನ ಇವರು ಕೆಲಸದಿಂದ ಬಂದು ಕೈ ತೊಳೆದುಕೊಂಡು ಊಟಕ್ಕೆ ಕೂತರು. ಹುರುಳಿ ಸಾರು ಮಾಡಿದ್ದೆ. ಎರಡು ಸಲ ಹಾಕಿಸಿಕೊಂಡರು. ಸಾರು ಚೆನ್ನಾಗಿದೆಯೇನೋ ಅಂದುಕೊಂಡೆ. ಒಂದು ವರ್ಷ ಪಕ್ಕದಲ್ಲೇ ಮಲಗಿದ್ದೆ, ಆ ಕೈಯ ವಿಷಯ ನನಗೆ ಗೊತ್ತಿರಲಿಲ್ಲ.

ಶಾಮರಾಯ ಹೋದ ಮೇಲೆ ಕೇಳಿದೆ, "ನಂಗ್ಯಾಕೆ ಏಳ್ಲಿಲ್ಲ?"

"ನೀನು ಕೇಳ್ಲಿಲ್ಲ."

"ಅವ್ನಿಗೆ ಯಾರು ಏಳಿದ್ರು ಕೇಳಕ್ಕೆ?"

"ಯಾರೂ ಏಳ್ಲಿಲ್ಲ. ಚಿತ್ರ ನೋಡಿ ಕೇಳ್ದ," ಅಂದರು. ಬೈದ ಹಾಗೂ ಅಲ್ಲ. ಇರುವುದನ್ನು ಹೇಳಿದ ಹಾಗೆ.

ಅದೇ ನನ್ನನ್ನು ತಿಂದದ್ದು. ಆ ಚಿತ್ರ ನನ್ನ ಜರಡಿಯ ಮೊಳೆಯಲ್ಲಿ ಒಂದು ತಿಂಗಳಿಂದ ತೂಗುತ್ತಿತ್ತು. ನಾನು ಅದರ ಕೆಳಗೇ ಕೂತು ಅಕ್ಕಿ ಆರಿಸುತ್ತಿದ್ದೆ.

ದೀಪಾವಳಿಗೆ ಮೂರು ದಿನ ಇತ್ತು. ನಮ್ಮವರು ಬೆಳಗಿನ ಪಾಳಿಗೆ ಹೋದರು. ಮಗಳನ್ನು ಸೆಲ್ವಿಯ ಮನೆಯಲ್ಲಿ ಬಿಟ್ಟು ಬಂದೆ. ನೀರು ಕಾಯಿಸುವ ದೊಡ್ಡ ಅಂಡೆಗೆ ಸೋಡ ಹಾಕಿದೆ. ಟ್ರಂಕಿನಲ್ಲಿ ಬೇರೆ ನಕ್ಷೆಬಟ್ಟೆಗಳೂ ಇದ್ದವು, ಬರೆಯದವು. ಎರಡನ್ನೂ ನಾನು ಬೆರೆಸಲಿಲ್ಲ. ಹನ್ನೆರಡನ್ನೂ ಒಂದೊಂದಾಗಿ ಬಿಚ್ಚಿ, ನೋಡಿ, ನೀರಿಗೆ ಬಿಟ್ಟೆ.

ಮೊದಲನೆಯ ಸಲ ಕುದ್ದಾಗ ಗಂಜಿ ಬಿಟ್ಟಿತು. ಇಂಕು ನೀರಿಗೆ ಬಂದು ಅಂಡೆ ಕಪ್ಪಾಯಿತು. ಕೋಲಿನಿಂದ ಎತ್ತಿ ನೋಡಿದರೆ ಚಿತ್ರ ಹೋಗಿರಲಿಲ್ಲ. ಬೂದಿ ಬಣ್ಣದಲ್ಲಿ ಹಾಗೇ ನಿಂತಿತ್ತು. ಅಲ್ಲಿಗೆ ಬಿಟ್ಟಿದ್ದರೆ ಏನೋ ಒಂದು ಉಳಿಯುತ್ತಿತ್ತು. ನೀರು ಚೆಲ್ಲಿ ಹೊಸ ನೀರು, ಹೊಸ ಸೋಡ ಹಾಕಿದೆ. ಎರಡನೆಯ ಸಲ ಎತ್ತಿದಾಗ ಗೆರೆಗಳು ಕೂದಲಿನಷ್ಟಾಗಿದ್ದವು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದೆ. ಏಳನೆಯದನ್ನು ಹಿಡಿದುಕೊಂಡು ಸ್ವಲ್ಪ ಹೆಚ್ಚು ಹೊತ್ತು ನಿಂತಿದ್ದೆ, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಆ ಚಿತ್ರಗಳನ್ನು ನಾನು ಅಷ್ಟು ನೋಡಿದ್ದು ಅವತ್ತೇ. ಮೂರನೆಯ ಸಲಕ್ಕೆ ಬಿಳಿ.

ಮಗಳನ್ನು ಕರೆದುಕೊಂಡು ಬಂದ ಸೆಲ್ವಿ ಅಂಡೆಯೊಳಗೆ ಬಗ್ಗಿ ನೋಡಿದಳು. ಹೊರಗೆ ಚೆಲ್ಲಿದ್ದ ಕಪ್ಪು ನೀರನ್ನೂ ನೋಡಿದಳು.

"ಸವತೀನ ಬೇಯ್ಸಿಬಿಟ್ಯಾ," ಅಂದಳು.

ಅವಳು ನಗಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಬಟ್ಟೆ ಹಿಂಡುವುದಕ್ಕೆ ಒಂದು ತುದಿ ಹಿಡಿದುಕೊಂಡಳು.

ನಮ್ಮವರು ಪಾಳಿ ಮುಗಿಸಿ ಬಂದಾಗ ಹನ್ನೆರಡೂ ತಂತಿಯ ಮೇಲೆ ಒಣಗುತ್ತಿದ್ದವು. ಅಂಗಳದಲ್ಲೇ ನಿಂತರು. ನಾನು ಮೊದಲೇ ಜೋಡಿಸಿಟ್ಟುಕೊಂಡಿದ್ದನ್ನು ಹೇಳಿದೆ.

"ಟ್ರಂಕಲ್ಲಿದ್ದಿದ್ದು ವೇಸ್ಟು ಅಂದ್ಕೊಂಡೆ. ಬರೋ ಕೂಸಿಗೆ ಜಬ್ಲ ಒಲಿಯಾಣ ಅಂತ. ಮೊಳೇಲಿದ್ದವೂ ಅದ್ರಾಗೇ ಬಿದ್ಬಿಟ್ಟವೆ. ನಾನು ನೋಡ್ಲಿಲ್ಲ."

ಅವರು ಒಂದು ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಚೆನ್ನಾಗಿ ಬೆಳ್ಳಗಾಗೈತೆ," ಅಂದರು.

ಒಳಗೆ ಹೋಗಿ ನೀರು ಕುಡಿದು ಮಲಗಿದರು. ಹೊಡೆದಿದ್ದರೆ ಆಗಿಹೋಗುತ್ತಿತ್ತು. ಅವರು ನನ್ನನ್ನು ನಂಬಿದರು. ಲೈನಿನಲ್ಲಿ ಎಲ್ಲ ಮನೆಯಲ್ಲೂ ಬೇಯಿಸುತ್ತಿದ್ದರು, ಆಗುವಂಥ ತಪ್ಪೇ ಅದು. ನಂಬದೆ ಇರುವುದಕ್ಕೆ ಕಾರಣವಿರಲಿಲ್ಲ.

ಹಬ್ಬ ಕಳೆದ ಭಾನುವಾರ ಶಾಮರಾಯ ಬಂದ. ಬೆನ್ನಿಗೆ ಉದ್ದದ ಕೊಳವೆ ಕಟ್ಟಿಕೊಂಡಿದ್ದ. ಗೋಡೆ ನೋಡಿದ. ಒಂದು ಮೊಳೆಯಲ್ಲಿ ಜರಡಿ ಇತ್ತು. ನಮ್ಮವರು ತಲೆ ಎತ್ತದೆ, "ತಪ್ಪಾಗಿ ಒಗ್ಯಕ್ಕೆ ಬಿದ್ದೋಯ್ತು ಸ್ವಾಮಿ. ಎಲ್ಲ," ಅಂತ ಹೇಳಿ, ಅವನಿಗೆ ಬಾಳೆಹಣ್ಣು ತರುತ್ತೇನೆ ಅಂತ ಹೊರಗೆ ಹೋಗಿಬಿಟ್ಟರು. ಅವನ ಮುಖ ನೋಡಲು ಆಗಲಿಲ್ಲ ಅಂತ ಕಾಣುತ್ತೆ.

ಶಾಮರಾಯ ಚಾಪೆಯ ಮೇಲೆ ಕೂತ. ನಾನು ಜಬ್ಲ ಹೊಲಿಯುತ್ತಿದ್ದೆ. ಒಂದು ತುಂಡನ್ನು ಕೈಗೆ ತೆಗೆದುಕೊಂಡು, ಚಿತ್ರ ನೋಡುವ ಹಾಗೇ ಹತ್ತಿರ ಹಿಡಿದು ನೋಡಿದ. ಆಮೇಲೆ ಬಹಳ ಮೆತ್ತಗೆ ಕೇಳಿದ.

"ಗಟ್ಟಿ ಇಂಕು ತಂಗೀ ಅದು. ಒಂದೇ ಸಲಕ್ಕೆ ಹೋಗಿಬಿಡ್ತೇ?"

ನನ್ನ ಒಗೆತದ ಬಗ್ಗೆ ನನಗೆ ಯಾವಾಗಲೂ ಜಂಬ. ಬಾಯಿಗೆ ಬಂದುಬಿಟ್ಟಿತು.

"ಎಲ್ಲಿ ಸ್ವಾಮಿ. ಮೂರ್ ಸಲ ಬೇಯ್ಸಿದ್ಮೇಲೆ ಓಗಿದ್ದು."

ಹೇಳಿದ ಮೇಲೆ ನನಗೇ ತಿಳಿಯಿತು. ತಪ್ಪಾಗಿ ಬಿದ್ದ ಬಟ್ಟೆಯನ್ನು ಯಾರೂ ಮೂರು ಸಲ ಬೇಯಿಸುವುದಿಲ್ಲ. ಮೊದಲನೆಯ ಸಲವೇ ನೀರು ಕಪ್ಪಾಗುತ್ತದೆ. ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಚಿತ್ರ ನೋಡಿ ಕೈಯ ವಿಷಯ ಕಂಡುಕೊಂಡವನು, ನನ್ನ ಮುಖ ನೋಡಿ ಇದನ್ನು ಕಂಡುಕೊಳ್ಳುವುದು ಏನು ಕಷ್ಟ. ತುಂಡನ್ನು ಮಡಿಸಿ ನನ್ನ ಮಡಿಲ ಹತ್ತಿರ ಇಟ್ಟ. ಕೊಳವೆಯ ಮುಚ್ಚಳ ತಿರುಗಿಸಿ ಭದ್ರ ಮಾಡಿದ. ನಮ್ಮವರು ಬಾಳೆಹಣ್ಣು ತಂದಾಗ, "ಹೋಗಲಿ ಬಿಡು ಚಲಪತಿ, ಮನೆಯಲ್ಲಿ ಇಂಥದ್ದು ಆಗುತ್ತೆ," ಅಂದ.

ನಮ್ಮವರು ಆಮೇಲೆ ಚಿತ್ರ ಬಿಟ್ಟರು ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ಬಿಡಲಿಲ್ಲ. ಬಟ್ಟೆಯ ಮೇಲೆ ಬರೆಯಲಿಲ್ಲ, ಅಷ್ಟೇ. ಮಗಳ ಸ್ಲೇಟಿನ ಮೇಲೆ ಬರೆಯುವರು, ಒಲೆಯ ಮುಂದಿನ ಬೂದಿಯಲ್ಲಿ ಬರೆಯುವರು. ನಾನು ಒರೆಸುತ್ತಿದ್ದೆ, ಒರೆಸಬೇಕಲ್ಲ. ಶಾಮರಾಯ ಭಾನುವಾರ ಬರುವುದನ್ನೂ ಬಿಡಲಿಲ್ಲ. ಮೂರು ನಾಲ್ಕು ವರ್ಷ ಬಂದ. ನನ್ನ ಕೈಯ ಊಟ ಉಂಡ, ನನ್ನ ಮಗನಿಗೆ ಆ ಜಬ್ಲ ತೊಡಿಸಿದ್ದನ್ನು ನೋಡಿದ, ಎತ್ತಿಕೊಂಡು ಆಡಿಸಿದ. ಒಂದು ದಿನವೂ ಬಾಯಿ ಬಿಡಲಿಲ್ಲ. ನಾನು ಕೇಳದ ಕ್ಷಮೆಯನ್ನು ಕೊಟ್ಟು ಎದುರಿಗೆ ಕೂತಿರುತ್ತಿದ್ದ. ಅದಕ್ಕೇ ಅವನನ್ನು ಇನ್ನಷ್ಟು ದ್ವೇಷಿಸಿದೆ.

ಮೇಘನಾ ಮತ್ತು ನಾನು ಸಾಯಂಕಾಲದ ಗಾಡಿಗೆ ಬಂಗಾರಪೇಟೆಗೆ ವಾಪಸಾದೆವು. ಮನೆಗೆ ಬಂದ ಮೇಲೆ ಅವಳು ಚೀಲದಿಂದ ಒಂದು ಕಾಗದ ತೆಗೆದಳು. ಶಾಮರಾಯ ಆ ಚಳಿಗಾಲ ಪೇಪರಿನಲ್ಲಿ ಬರೆದದ್ದು. ಇಂಗ್ಲಿಷಿನಲ್ಲಿತ್ತು. ನಮ್ಮವರು ಅದನ್ನು ನನಗೆ ಓದಿ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹುಡುಗಿ ಕನ್ನಡದಲ್ಲಿ ಬಿಡಿಸಿ ಹೇಳುತ್ತಾ ಹೋದಳು.

"ಚಲಪತಿಯವರ ಹನ್ನೆರಡು ಚಿತ್ರಗಳು ಗೆದ್ದಲಿಗೆ ಆಹುತಿಯಾದವು ಅಂತ ಬರೆದಿದ್ದಾರೆ ಅಜ್ಜಿ. ಅದಕ್ಕೇ ಪ್ರದರ್ಶನ ಆಗಲಿಲ್ಲ. ನಾಲ್ಕು ಚಿತ್ರ ತಾನೇ ಬರೆದು ಇಲ್ಲದ ಚಿತ್ರಗಾರನನ್ನ ಹುಟ್ಟಿಸಿದ್ದಾನೆ ಅಂತ ಎಲ್ಲರೂ ಅವರನ್ನ ನೋಡಿ ನಕ್ಕರಂತೆ. ಆದ್ರೂ ಅವರು ಬಿಡಲಿಲ್ಲ. ಹನ್ನೆರಡು ಚಿತ್ರ ಹೇಗಿತ್ತು ಅಂತ ಒಂದೊಂದಾಗಿ ನೆನಪಿಂದ ಬರೆದಿದ್ದಾರೆ. ಆ ಹನ್ನೆರಡರದ್ದು ಈಗ ಉಳಿದಿರೋದು ಇದೊಂದೇ. ಚಿತ್ರದ ಪಕ್ಕ ಗೋಡೆ ಮೇಲೆ ಇದನ್ನ ದೊಡ್ಡದಾಗಿ ಹಾಕ್ತೀವಿ."

ಗೆದ್ದಲು. ಅದನ್ನು ಯಾರು ನಂಬುತ್ತಾರೆ? ನನ್ನ ಹೆಸರು ಹೇಳಿದ್ದರೆ ಅವನ ಮಾನ ಉಳಿಯುತ್ತಿತ್ತು. ಹೇಳಲಿಲ್ಲ. ನಗೆಪಾಟಲಾದ, ಆದರೂ ಹೇಳಲಿಲ್ಲ. ದೊಡ್ಡತನವನ್ನೂ ಅವನೇ ಎತ್ತಿಕೊಂಡು ಹೋಗಿದ್ದ. ನಾನು ಮಾಡಿದ್ದು ಅಂತ ಇದ್ದದ್ದು ಅದೊಂದೇ, ಅದನ್ನೂ ಹುಳುವಿಗೆ ಕೊಟ್ಟುಬಿಟ್ಟಿದ್ದ.

"ಓದು, ಮುಂದೆ ಓದು," ಅಂದೆ.

ಅವಳು ಓದಿದಳು. ಒಂದು, ಬಾವಿಯಂಥ ಸುರಂಗದ ಬಾಯಿಗೆ ಬಗ್ಗಿದ ನಾಲ್ಕು ಬೆನ್ನು. ಸರಿ. ಎರಡು, ಗಣಿಯ ಲಿಫ್ಟಿನ ಪಂಜರದಲ್ಲಿ ಇಳಿಯುವವರ ನೆತ್ತಿಗಳು. ಸರಿ. ಕಣ್ಣು ಮುಚ್ಚಿಕೊಂಡು ಕೇಳಿದೆ. ಅವನು ಚೆನ್ನಾಗಿ ನೋಡಿದ್ದ, ಅದನ್ನು ಇಲ್ಲ ಅನ್ನುವುದಿಲ್ಲ.

"ಏಳನೆಯದು, ಸುರಂಗದಲ್ಲಿ ಕೂತ ಮನುಷ್ಯ, ಮಡಿಲಲ್ಲಿ ದುಂಡಗೆ ಒಂದು ದೀಪ. ಕತ್ತಲಲ್ಲಿ ಅವನು ಕಾಪಾಡಿಕೊಂಡ ಬೆಳಕು ಅಂತ..."

"ತಪ್ಪು."

ಹುಡುಗಿ ತಲೆ ಎತ್ತಿದಳು.

"ದೀಪ ಅಲ್ಲ ಅದು. ಊಟದ ಡಬ್ಬಿ. ಮೇಲಿಂದ ಬಗ್ಗಿ ನೋಡ್ದಂಗೆ ಬರ್ದವ್ರೆ, ಅದ್ಕೇ ದುಂಡ್ಗೆ. ಮುಚ್ಳದ ಅಂಚಲ್ಲಿ ಒಂದ್ ನೆಗ್ಗು ಇತ್ತು, ನಲ್ಲಿ ಕಟ್ಟೇಲಿ ನನ್ ಕೈಯಿಂದ ಬಿದ್ದು ಆಗಿದ್ದು. ನಮ್ಮನೆ ಡಬ್ಬಿ. ನಾನೇ ಕಟ್ಟಿ ಕಳಿಸ್ತಿದ್ದಿದ್ದು. ಅವ್ನಿಗೇನು ಗೊತ್ತು."

"ನಿಮಗೆ ಇಷ್ಟು ವರ್ಷ ನೆನಪಿದ್ಯಾ ಅಜ್ಜಿ?"

"ಅವ್ನು ಗೋಡೆ ಮೇಲೆ ನೋಡ್ದ. ನಾನು ಅಂಡೇಲಿ ನೋಡ್ದೆ. ಗೆದ್ಲು ಅಲ್ಲಮ್ಮ ಅದು. ನಾನು. ಬೇಯ್ಸಿದ್ದು ನಾನು."

ಒಳ್ಳೆಯ ಹುಡುಗಿ, ನನಗೆ ದಾರಿ ಮಾಡಿಕೊಡಲು ನೋಡಿದಳು. "ಗೊತ್ತಿಲ್ದೆ ಆಗಿರುತ್ತೆ ಅಜ್ಜಿ. ಆಗ ಎಲ್ಲರ ಮನೇಲೂ ಈ ಬಟ್ಟೆ ಬೇಯಿಸ್ತಿದ್ರು ಅಂತ ನಾನೂ ಕೇಳಿದ್ದೀನಿ."

"ಮೂರ್ ಸಲ ಬೇಯ್ಸಿದೆ. ಎರಡ್ನೇ ಸಲಕ್ಕೇ ಡಬ್ಬಿ ಗುರುತು ಸಿಕ್ತು."

"ಗುರುತು ಸಿಕ್ಕಿದ್ಮೇಲೂ?"

"ಊಂ. ಒಂದ್ರಾಗೆ ನನ್ ಡಬ್ಬಿ ಇತ್ತು. ಮಿಕ್ಕ ಹನ್ನೊಂದ್ರಾಗೆ ನಾನಿರ್ಲಿಲ್ಲ."

ಅವಳು ಪೆನ್ನು ಹಿಡಿದುಕೊಂಡಿದ್ದಳು, ಬರೆಯುತ್ತಿರಲಿಲ್ಲ. ಹೊರಗೆ ಕೋಲಾರದ ಕಡೆಯ ಬಸ್ಸು ಹೋಯಿತು.

"ಗೋಡೆ ಮೇಲೆ ಹಾಗೆ ಬರೆದ್ರೆ ಬಂದ ಜನ ನಿಮ್ಮನ್ನ ಬೈತಾರೆ ಅಜ್ಜಿ."

"ಬೈಲಿ. ಇವ್ರ ಎಸ್ರು ಐತೆ, ಅವನ ಎಸ್ರು ಐತೆ. ನಂದೂ ಇರ್ಲಿ. ಕಾಂತಮ್ಮ ಅಂತ ಬರ್ಕೊ. ಹನ್ನೆರ್ಡು ಚಿತ್ರಾನೂ ಬೇಯ್ಸಿದವಳು, ಏಳ್ನೇದ್ರ ತಪ್ಪು ತಿದ್ದಿದವಳು."

ಅವಳು ಬರೆದುಕೊಂಡಳು. ಕಾಗದ ಇತ್ತ ಕೊಡು ಅಂದೆ. ನಾಲ್ಕನೇ ಕ್ಲಾಸಿನ ಓದು ನನ್ನದು, ಆದರೂ ಕನ್ನಡ ಓದುವುದು ಬರೆಯುವುದು ಚೆನ್ನಾಗಿ ಬರುತ್ತದೆ. ಮೊದಲು ನಮ್ಮವರ ಹೆಸರು, ಅದರ ಕೆಳಗೆ ಶಾಮರಾಯನದು, ಅದರ ಕೆಳಗೆ ನನ್ನದು ಬರೆದಿದ್ದಳು.

"ಇಲ್ಲಿ ಅಲ್ಲ," ಅಂದೆ. "ಅವನ್ಗಿಂತ ಮೇಲೆ ಬರಿ."